ಮಕ್ಕಳ ಕೈಯ ಮೊಬೈಲ್ ಕಿತ್ತುಕೊಂಡರೆ ಊರಿನ ಗುಂಪುಗಳು ಸುಮ್ಮನಾಗುತ್ತವೆಯೇ?

ಪಿಯು ಉಪನ್ಯಾಸಕಿ, ಉಡುಪಿ

ನಮ್ಮ ಕಾಲೇಜಿನಲ್ಲಿ ಸದ್ಯದಲ್ಲೇ ಪೋಷಕರ ಸಭೆ ಇದೆ. ಮೊದಲ ವಿಷಯ ವಿದ್ಯಾರ್ಥಿಗಳ ಮೊಬೈಲ್ ಬಳಕೆ. ಸಭೆ ಹೇಗೆ ಸಾಗುತ್ತದೆ ಎಂದು ಈಗಲೇ ಹೇಳಬಲ್ಲೆ. ಒಬ್ಬರು ಕಣ್ಣಿನ ತೊಂದರೆಯ ಮಾತೆತ್ತುತ್ತಾರೆ, ಇನ್ನೊಬ್ಬರು ನಿದ್ದೆಯದ್ದು, ಮತ್ತೊಬ್ಬರು ಅಂಕಗಳದ್ದು. ಕೊನೆಗೆ ಮೊಬೈಲ್ ನಿಷೇಧಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿ ಚಹಾ ಕುಡಿದು ಹೊರಡುತ್ತಾರೆ.

ಅಂಕಗಳ ಮಾತನ್ನು ಬದಿಗಿಡೋಣ. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. ರೀಲ್ಸ್ ನೋಡುವ ಪೀಳಿಗೆಯೇ ಈ ಪರೀಕ್ಷೆ ಬರೆದದ್ದು. ನನ್ನನ್ನು ಕಾಡುತ್ತಿರುವುದು ಬೇರೆ.

ನಾನು ಪಾಠ ಮಾಡಿದ ಒಬ್ಬ ಹುಡುಗಿ ಬಸ್ ನಿಲ್ದಾಣದಲ್ಲಿ ಸಹಪಾಠಿ ಹುಡುಗನೊಂದಿಗೆ ನಿಂತು ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ನೋಡುತ್ತಿದ್ದಳು. ಎದುರಿನ ಅಂಗಡಿಯಿಂದ ಯಾರೋ ಚಿತ್ರ ತೆಗೆದರು. ಯಾವ ಕಾಲೇಜಿನ ಸಮವಸ್ತ್ರ, ಹುಡುಗ ಯಾವ ಧರ್ಮದವನು, ಇಬ್ಬರೂ ಹತ್ತುವ ಬಸ್ಸು ಯಾವುದು, ಎಷ್ಟು ಗಂಟೆಗೆ ಹೊರಡುತ್ತದೆ ಎಂದೆಲ್ಲ ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಅವಳು ಮನೆ ಮುಟ್ಟುವ ಮೊದಲೇ ಚಿತ್ರ ಅವಳ ಚಿಕ್ಕಪ್ಪನ ಮೊಬೈಲಿಗೆ ಬಂದಿತ್ತು. ಮರುದಿನದಿಂದ ಅವಳು ತರಗತಿಗೆ ಬರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಮಾತ್ರ ತಂದೆ ಕಾರಿನಲ್ಲಿ ತಂದು ಬಿಟ್ಟು, ಮುಗಿಯುವವರೆಗೆ ಗೇಟಿನ ಹೊರಗೆ ಕಾಯುತ್ತಿದ್ದರು. ಹುಡುಗ ಬೇರೆ ಕಾಲೇಜಿಗೆ ಹೋದ.

ಚಿತ್ರ ತೆಗೆದವನು ವಿದ್ಯಾರ್ಥಿಯಲ್ಲ. ಹಂಚಿದವರಲ್ಲಿ ಹೆಚ್ಚಿನವರು ಮಕ್ಕಳ ತಂದೆಯಂದಿರು, ಮಾವಂದಿರು. ಹೊಸ ಮಾಧ್ಯಮ ನಮ್ಮ ಕರಾವಳಿಯ ಯುವಜನರಿಗೆ ಏನು ಮಾಡುತ್ತಿದೆ ಎಂದು ಕೇಳುವಾಗ ನಾವು ಮಕ್ಕಳ ಕೈಯನ್ನಷ್ಟೇ ನೋಡುತ್ತೇವೆ. ಅವರ ಮೇಲೆ ನೆಟ್ಟಿರುವ ದೊಡ್ಡವರ ಕ್ಯಾಮೆರಾ ನಮಗೆ ಕಾಣುವುದಿಲ್ಲ. ಸಭೆಯಲ್ಲಿ ಇದನ್ನು ಹೇಳಬೇಕೆಂದಿದ್ದೇನೆ. ಅದಕ್ಕೂ ಮುಂಚೆ ನಿಮ್ಮೆಲ್ಲರ ಮಾತು ಕೇಳಬೇಕು.

ಬಜಾಲ್‌ನ ಅಮ್ಮ

ಮೇಡಂ, ನೀವು ಹೇಳಿದ್ದು ಓದಿ ಹೊಟ್ಟೆಗೆ ಸಂಕಟವಾಯಿತು. ಆದರೆ ನಿದ್ದೆಯ ಮಾತನ್ನು ಅಷ್ಟು ಹಗುರವಾಗಿ ತಳ್ಳಬೇಡಿ. ನಾನು ಬೀಡಿ ಕಟ್ಟುವವಳು. ರಾತ್ರಿ ಎಲೆ ಕತ್ತರಿಸಿಟ್ಟು ಮಲಗುವ ಹೊತ್ತಿಗೆ ಮಗನ ಹೊದಿಕೆಯೊಳಗೆ ಬೆಳಕು ಕಾಣುತ್ತದೆ. ನಡುರಾತ್ರಿ ನೀರು ಕುಡಿಯಲು ಎದ್ದರೂ ಆ ಬೆಳಕು ಹಾಗೆಯೇ ಇರುತ್ತದೆ. ಬೆಳಿಗ್ಗೆ ಎಬ್ಬಿಸಿದರೆ ನನ್ನ ಮೇಲೆಯೇ ಹರಿಹಾಯುತ್ತಾನೆ. ಮೊದಲು ಹೀಗಿರಲಿಲ್ಲ.

2020ರಲ್ಲಿ ಆನ್‌ಲೈನ್ ತರಗತಿ ಶುರುವಾದಾಗ ಶಾಲೆಯವರು ಮೊಬೈಲ್ ಬೇಕೇ ಬೇಕು ಎಂದರು. ಬೀಡಿಯ ಬೋನಸ್ ಹಣ ಸೇರಿಸಿ ಕೊಂಡುಕೊಟ್ಟೆವು. ಈಗ ಅದೇ ಶಾಲೆಗಳು ಮೊಬೈಲ್ ಕೊಟ್ಟದ್ದು ಯಾಕೆ ಎಂದು ನಮ್ಮನ್ನೇ ಕೇಳುತ್ತವೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಹೇಗೆ? ಗಂಡನಿಗೆ ಹೇಳಿದರೆ ಅವರೂ ಮೊಬೈಲ್ ನೋಡುತ್ತಾ ಹೂಂಗುಟ್ಟುತ್ತಾರೆ.

ಪದವಿ ವಿದ್ಯಾರ್ಥಿನಿ, ಕೊಡಿಯಾಲ್‌ಬೈಲ್

ಅಮ್ಮ, ನಿಮ್ಮ ಮಗನ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಟಿಕ್‌ಟಾಕ್ ನಿಷೇಧವಾದದ್ದು 2020ರ ಜೂನ್ 29ಕ್ಕೆ. ಮರು ತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಕುಳಿತು, ಪಾಠದ ಹೆಸರಿನಲ್ಲಿ ಕೈಗೆ ಬಂದ ಹೊಸ ಫೋನಿನಲ್ಲಿ ನಮಗೆ ಸಿಕ್ಕಿದ್ದು ಅದು. ಅದಕ್ಕೆ ಕೊನೆಯ ಪುಟ ಎಂಬುದಿಲ್ಲ. ಒಂದು ವಿಡಿಯೊದ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತು ಎಂಬುದನ್ನು ಲೆಕ್ಕವಿಟ್ಟು ಮುಂದಿನದನ್ನು ತಂದಿಡುತ್ತದೆ. ಹದಿನಾರರ ಹುಡುಗ ತನ್ನ ಮನೋಬಲದಿಂದಲೇ ಇದನ್ನು ಗೆಲ್ಲಬೇಕು ಎನ್ನುವುದು ಅನ್ಯಾಯ. ಗದರಿಸುವುದಕ್ಕಿಂತ, ಮನೆಮಂದಿಯ ಫೋನುಗಳೆಲ್ಲ ರಾತ್ರಿ ಹತ್ತರ ನಂತರ ಮಲಗುವ ಕೋಣೆಯ ಹೊರಗೆ ಒಂದೇ ಕಡೆ ಚಾರ್ಜ್ ಆಗಲಿ. ಎಲ್ಲರದ್ದೂ ಎಂದರೆ ಅಪ್ಪನದ್ದೂ ಸೇರಿ. ನಮ್ಮ ಮನೆಯಲ್ಲಿ ತಮ್ಮ ಒಪ್ಪಿಕೊಂಡದ್ದು ಅಪ್ಪ ತಮ್ಮದನ್ನು ಇಟ್ಟ ಮೇಲೆ.

ಇನ್ನು ಉಪನ್ಯಾಸಕಿ ಮೇಡಂ ಹೇಳಿದ ವಿಷಯ. ನನ್ನ ಪ್ರೊಫೈಲ್ ಚಿತ್ರ ಒಂದು ಕೆಂಪು ದಾಸವಾಳ. ನನ್ನ ಗೆಳತಿಯರಲ್ಲಿ ಅರ್ಧದಷ್ಟು ಜನ ಹೂವು, ಸಮುದ್ರ, ಬೆಕ್ಕು ಹಾಕಿಕೊಂಡಿದ್ದಾರೆ. ಸ್ವಂತ ಅಣ್ಣನೊಂದಿಗೆ ಪಣಂಬೂರು ಕಡಲತೀರಕ್ಕೆ ಹೋದರೂ ಚಿತ್ರ ಹಾಕುವುದು ಮನೆಗೆ ಮರಳಿದ ಮೇಲೆ, ಅದೂ ಆಯ್ದ ಕೆಲವರಿಗೆ ಮಾತ್ರ ಕಾಣುವಂತೆ. ಸಂಬಂಧಿಕರಿಗೆ ಒಂದು ಖಾತೆ, ಗೆಳತಿಯರಿಗೆ ಒಂದು ಖಾತೆ. ಬಸ್ಸಿನಲ್ಲಿ ತರಗತಿಯ ಹುಡುಗ ಪಕ್ಕದಲ್ಲಿ ಕುಳಿತರೆ ನಾವು ಮೊದಲು ನೋಡುವುದು ಸುತ್ತ ಯಾರ ಫೋನ್ ನಮ್ಮ ಕಡೆ ನೆಟ್ಟಗೆ ನಿಂತಿದೆ ಎಂದು. ಇದನ್ನೆಲ್ಲ ಹಾಸ್ಟೆಲಿನ ಅಕ್ಕಂದಿರು ಮೊದಲ ವಾರದಲ್ಲೇ ಕಲಿಸಿಕೊಡುತ್ತಾರೆ.

ದೊಡ್ಡವರು ನಮ್ಮನ್ನು ಸದಾ ತಮ್ಮ ಮುಖವನ್ನೇ ತೋರಿಸಿಕೊಳ್ಳುವ ಪೀಳಿಗೆ ಎನ್ನುತ್ತಾರೆ. ಕರಾವಳಿಯ ಹುಡುಗಿಯರು ಮುಖ ಅಡಗಿಸುವುದನ್ನು ಕಲಿಯುತ್ತಿದ್ದಾರೆ.

ನಿವೃತ್ತ ಬ್ಯಾಂಕ್ ನೌಕರ, ಕಾಪು

ಇಷ್ಟೆಲ್ಲ ಚರ್ಚೆ ಯಾಕೆ? ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಈ ಜಾಲತಾಣಗಳಲ್ಲಿ ಖಾತೆಯೇ ಇಲ್ಲ. ಇಲ್ಲಿಯೂ ಅದೇ ಕಾನೂನು ತಂದರೆ ಮುಗಿಯಿತು.

ಪದವಿ ವಿದ್ಯಾರ್ಥಿನಿ, ಕೊಡಿಯಾಲ್‌ಬೈಲ್

ಸರ್, ಆ ಕಾನೂನಿನಲ್ಲಿ ದಂಡ ಬೀಳುವುದು ಕಂಪನಿಗಳಿಗೆ, ಮಕ್ಕಳಿಗೂ ಅಲ್ಲ, ಪೋಷಕರಿಗೂ ಅಲ್ಲ. ಅದು ನನಗೂ ಒಪ್ಪಿಗೆ. ಆದರೆ ಬಸ್ ನಿಲ್ದಾಣದ ಚಿತ್ರ ತೆಗೆದವನಿಗೆ 16 ಯಾವಾಗಲೋ ದಾಟಿದೆ.

ತೆಂಕುತಿಟ್ಟಿನ ಅಭಿಮಾನಿ, ಕಿನ್ನಿಗೋಳಿ

ಎಲ್ಲರೂ ಕೆಟ್ಟದ್ದನ್ನೇ ಹೇಳುತ್ತಿದ್ದೀರಿ, ನಾನು ಕಣ್ಣಾರೆ ಕಂಡ ಒಳ್ಳೆಯದನ್ನೂ ಹೇಳಬೇಕು. 2020ರ ಮಾರ್ಚ್‌ನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಿತು. ವೇಷಧಾರಿಗಳು, ಹಿಮ್ಮೇಳದವರು ಕೈಯಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು. ಆಗ ಊರಿನ ಹುಡುಗರು ಟ್ರೈಪಾಡ್ ನಿಲ್ಲಿಸಿ, ಬಯಲಲ್ಲದಿದ್ದರೆ ಒಳಾಂಗಣದಲ್ಲಿ, ವೇಷವಿಲ್ಲದೆ ಕುಳಿತು ಮಾತನಾಡುವ ತಾಳಮದ್ದಳೆ ಏರ್ಪಡಿಸಿ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು. ಮುಂಬೈಯಲ್ಲಿ, ದುಬೈಯಲ್ಲಿ ಕುಳಿತವರು ನೋಡಿದರು, ಕೈಲಾದದ್ದು ಕಳುಹಿಸಿದರು. ಇಂದಿಗೂ ಆಟದ ರಾತ್ರಿ ಹೋಗಿ ನೋಡಿ. ಭಾಗವತರ ಬಲಬದಿಯಲ್ಲಿ ಕೇಬಲ್ ಸುತ್ತಿಕೊಂಡು, ಧ್ವನಿವರ್ಧಕದವರೊಂದಿಗೆ ಮಾತನಾಡಿ ಚೆಂಡೆಯ ಅಬ್ಬರಕ್ಕೆ ಪದ್ಯ ಮುಳುಗದಂತೆ ಧ್ವನಿ ಹೊಂದಿಸುತ್ತಾ ಬೆಳಗಿನ ತನಕ ಎಚ್ಚರವಿರುವವನು ಇಪ್ಪತ್ತರ ಹುಡುಗ. ಅವನಿಗೆ ಪ್ರಸಂಗದ ನಡೆ ಗೊತ್ತು, ಯಾವ ಪದ್ಯಕ್ಕೆ ಯಾರ ಕಡೆ ಕ್ಯಾಮೆರಾ ತಿರುಗಿಸಬೇಕೆಂದು ಗೊತ್ತು.

ತುಳುವಿನ ವಿಷಯವೂ ಹಾಗೆಯೇ. 2016ರಲ್ಲಿ ತುಳು ವಿಕಿಪೀಡಿಯ ಬಂತು. 2021ರ ಜೂನ್‌ನಲ್ಲಿ ತುಳುವಿಗೆ ಅಧಿಕೃತ ಭಾಷೆಯ ಸ್ಥಾನ ಬೇಕೆಂದು ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನ ನಡೆಯಿತು, ಅದರಲ್ಲಿ ಮುಂದೆ ನಿಂತವರು ಯುವಕರು. ಮನೆಯಲ್ಲಿ ಮಾತನಾಡಿದರೂ ಬರೆಯುವ ರೂಢಿ ಇಲ್ಲದ ಭಾಷೆಯನ್ನು ಈ ಮಕ್ಕಳು ದಿನಾ ಬರೆಯುತ್ತಿದ್ದಾರೆ. ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ಕುಂದಾಪ್ರ ಕನ್ನಡದಲ್ಲಿ ಹಾಸ್ಯ ಮಾಡುವವರಿಗೆ ಊರಿನಾಚೆಯೂ ನೋಡುಗರಿದ್ದಾರೆ. ಫೋನ್ ಕಿತ್ತುಕೊಳ್ಳಿ ಎನ್ನುವವರು ಇದನ್ನೂ ತಕ್ಕಡಿಗೆ ಹಾಕಿ ನೋಡಲಿ.

ಆದರೆ ನನಗೆ ಸಿಟ್ಟು ಬರುವುದು ಎರಡು ವಿಷಯಕ್ಕೆ. ಮೊದಲನೆಯದು ತುಂಡು ವಿಡಿಯೊ. ಕಲಾವಿದ ಒಂದು ಪಾತ್ರವಾಗಿ ಅರ್ಥ, ಅಂದರೆ ಸಂಭಾಷಣೆ, ಹೇಳುತ್ತಾನೆ. ಎದುರಾಳಿಯನ್ನು ಹಳಿಯುತ್ತಾನೆ, ಕೊಂಕು ನುಡಿಯುತ್ತಾನೆ. ಅದಕ್ಕೆ ಇನ್ನೊಂದು ಪಾತ್ರ ಉತ್ತರ ಕೊಡುತ್ತದೆ. ಉತ್ತರವನ್ನು ಕತ್ತರಿಸಿ ಬರೀ ಹಳಿಯುವ ಮಾತನ್ನಷ್ಟೇ ಹಂಚಿದರೆ ಅದು ಪಾತ್ರದ ಮಾತಾಗಿ ಉಳಿಯುವುದಿಲ್ಲ, ಆ ಮನುಷ್ಯನ ಸ್ವಂತ ಮಾತಾಗುತ್ತದೆ. ಆಟ ಮುಗಿಸಿ ಚೌಕಿಯಲ್ಲಿ ಬಣ್ಣ ತೆಗೆಯುವ ಹೊತ್ತಿಗೆ ಅವನಿಗೆ ಬೆದರಿಕೆಯ ಕರೆ ಬಂದಿರುತ್ತದೆ.

ಎರಡನೆಯದು ದೈವಗಳ ನೇಮ, ಅಂದರೆ ದೈವಾರಾಧನೆಯ ಉತ್ಸವ. ವಿಡಿಯೊ ಮಾಡಬಾರದು ಎಂದು ಎಷ್ಟೋ ದೈವಸ್ಥಾನಗಳಲ್ಲಿ ಫಲಕ ಹಾಕಿದ್ದಾರೆ. ಆದರೂ ದೈವದ ಕಾಲಿನ ಗಗ್ಗರದ ಸದ್ದು ಕೇಳಿದೊಡನೆ ಕೈಗಳು ಮೇಲೇಳುತ್ತವೆ. ದೈವದ ನುಡಿ ಯಾರ ಮನೆಯ ಕಷ್ಟಕ್ಕೆ ಕೊಟ್ಟದ್ದೋ ಆ ಮನೆಯವರು ಅಲ್ಲಿ ಕೈಮುಗಿದು ಅಳುತ್ತಿರುತ್ತಾರೆ, ಅವರ ಮುಖ ಊರೂರಿಗೆ ಹೋಗುತ್ತದೆ. ಸಿನಿಮಾ ನೋಡಿ ಬಂದು ದೈವದ ವೇಷ ಹಾಕಿ ಕುಣಿದು ರೀಲ್ಸ್ ಮಾಡುವವರಿದ್ದಾರೆ. ಪಂಬದ, ಪರವ, ನಲಿಕೆ ಸಮುದಾಯದವರು ವ್ರತ ಹಿಡಿದು, ದೈವದ ಕಥೆ ಹೇಳುವ ಪಾಡ್ದನದ ಹಾಡು ಕಲಿತು, ತಲೆಮಾರುಗಳಿಂದ ಹೊತ್ತು ತಂದ ಹೊಣೆಯದು. ಅದನ್ನು ಲೈಕ್‌ಗಾಗಿ ಅಣಕಿಸಿದರೆ ಅವರಿಗೆ ಆಗುವ ನೋವು ಈ ಹುಡುಗರಿಗೆ ತಿಳಿದಿಲ್ಲ, ಯಾಕೆಂದರೆ ಯಾರೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಲ್ಲ. ನಮ್ಮೂರಿನ ಗುತ್ತಿನ ಮನೆತನದ ಹಿರಿಯರು ಕಳೆದ ನೇಮದಲ್ಲಿ ಹುಡುಗರನ್ನೇ ಸ್ವಯಂಸೇವಕರನ್ನಾಗಿ ನಿಲ್ಲಿಸಿದರು. ಫೋನ್ ಎತ್ತಿದವರ ಬಳಿ ಹೋಗಿ ಅವರೇ ಮೆಲ್ಲಗೆ ಹೇಳಿದರು. ಫಲಕಕ್ಕೆ ಬಗ್ಗದವರು ಆ ಹುಡುಗರ ಮಾತಿಗೆ ಬಗ್ಗಿದರು.

ಮೂಲ್ಕಿಯವ, ಕುವೈತ್‌ನಿಂದ

ಇಲ್ಲಿ ದುಡಿಯುವ ನಮಗೆ ಮನೆಯೆಂದರೆ ವಿಡಿಯೊ ಕರೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ಗೋಲಿಬಾರ್ ಆದಾಗ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ 48 ಗಂಟೆ ನಿಲ್ಲಿಸಿದರು. ವದಂತಿ ತಡೆಯಲು ಎಂದರು. ನಮಗೆ ಹೆತ್ತವರು ಹೇಗಿದ್ದಾರೆಂದು ತಿಳಿಯದೆ ಇಲ್ಲಿ ನಿದ್ದೆ ಹತ್ತಲಿಲ್ಲ. ಎಲ್ಲರ ಬಾಗಿಲು ಮುಚ್ಚಿದರೆ ವದಂತಿ ಹಬ್ಬಿಸುವವನಿಗೂ ಮಗನ ದನಿ ಕೇಳಲು ಕಾದ ತಾಯಿಗೂ ಒಂದೇ ಶಿಕ್ಷೆ.

ಈಗ ನನ್ನ ಅಕ್ಕನ ಮಗನ ಕಥೆ. 2025ರ ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಕೊಲೆಗಳಾದಾಗ ಜಾಲತಾಣಗಳಲ್ಲಿ ಪ್ರತೀಕಾರದ ಮಾತು ಹೇಗೆ ಹರಿದಾಡಿತೆಂದು ಎಲ್ಲರೂ ನೋಡಿದ್ದೇವೆ. ಪೊಲೀಸರು ಪ್ರಕರಣದ ಮೇಲೆ ಪ್ರಕರಣ ದಾಖಲಿಸಿದರು. ಆ ದಿನಗಳಲ್ಲಿ ಇವನೂ ಯಾರೋ ಬರೆದ ಸಾಲನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡ. ಬರೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಠಾಣೆಗೆ ಕರೆಸಿಕೊಂಡದ್ದು ಇವನನ್ನು. ಇಲ್ಲಿ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ ಮಾತಾಡಿಟ್ಟಿದ್ದೆ. ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಬೇಕು, ಪ್ರಕರಣ ಬಾಕಿ ಇರುವವನಿಗೆ ಅದು ಸುಲಭದಲ್ಲಿ ಸಿಗುವುದಿಲ್ಲ. ಕೆಲಸ ಬೇರೆಯವರ ಪಾಲಾಯಿತು. ಅವನನ್ನು ಹುರಿದುಂಬಿಸಿದ ಗುಂಪಿನ ಒಬ್ಬನೂ ಜಾಮೀನಿಗೆ ಬರಲಿಲ್ಲ. ಸಹಿ ಹಾಕಿದ್ದು ಪಕ್ಕದ ಮನೆಯ ಕ್ರೈಸ್ತ ಮಾಸ್ತರರು.

ಮೇಡಂ, ಸಭೆಯಲ್ಲಿ ಹುಡುಗರ ತಂದೆತಾಯಿಗೆ ಇದನ್ನು ಹೇಳಿ. ಹುಡುಗಿಯರಿಗೆ ಹೋಗುವುದು ಓದು, ಹುಡುಗರಿಗೆ ಹೋಗುವುದು ಹೊಟ್ಟೆಪಾಡು.

ವಕೀಲ, ಲಾಲ್‌ಬಾಗ್

ಕಾನೂನಿನ ವಿಷಯದಲ್ಲಿ ಕೆಲವು ತಪ್ಪು ತಿಳಿವಳಿಕೆ ಓಡಾಡುತ್ತಿದೆ, ಹೇಳಿಬಿಡುತ್ತೇನೆ.

ಆಕ್ಷೇಪಾರ್ಹ ಸಂದೇಶ ಕಳುಹಿಸಿದವರಿಗೆ ಶಿಕ್ಷೆ ಇಟ್ಟಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಹಾಗಾಗಿ ಜಾಲತಾಣದಲ್ಲಿ ಏನು ಬರೆದರೂ ನಡೆಯುತ್ತದೆ ಎಂದು ನನ್ನ ಕಚೇರಿಗೆ ಬರುವ ಹುಡುಗರು ವಾದಿಸುತ್ತಾರೆ. ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ದ್ವೇಷ ಬಿತ್ತುವ ಮಾತಿಗೆ ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ. 353ನೇ ಕಲಂ ಸುಳ್ಳುಸುದ್ದಿ, ವದಂತಿ ಹಬ್ಬಿಸುವವರ ಮೇಲೆ ಬರುತ್ತದೆ. ಬರೆದದ್ದು ನಾನಲ್ಲ, ಮುಂದಕ್ಕೆ ಕಳುಹಿಸಿದೆ ಅಷ್ಟೇ ಎಂದರೆ ಆ ಕಾರಣಕ್ಕೇ ಪ್ರಕರಣದಿಂದ ಬಿಡುವುದಿಲ್ಲ.

ಬಸ್ ನಿಲ್ದಾಣದ ಚಿತ್ರದ ವಿಷಯದಲ್ಲಿ ಕಾನೂನು ಬಲಹೀನವಾಗಿದೆ ಎಂಬುದನ್ನು ನೇರವಾಗಿ ಹೇಳಬೇಕು. ಎಲ್ಲರೂ ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಎನ್ನುತ್ತಾರೆ. ಅದು ದೇಹದ ಖಾಸಗಿ ಭಾಗಗಳ ಚಿತ್ರಕ್ಕೆ ಸಂಬಂಧಿಸಿದ್ದು. ಸಾರ್ವಜನಿಕ ಜಾಗದಲ್ಲಿ ಸಮವಸ್ತ್ರದಲ್ಲಿ ನಿಂತ ಹುಡುಗಿಯ ಚಿತ್ರಕ್ಕೆ ಅದು ತಾಗುವುದಿಲ್ಲ. ಚಿತ್ರದ ಜೊತೆ ಬರೆದದ್ದೇನು, ಅದರಿಂದ ಆದದ್ದೇನು ಎಂಬುದರ ಮೇಲೆ ಪ್ರಕರಣ ನಿಲ್ಲುತ್ತದೆ: ಮಾನಹಾನಿ, ಬೆದರಿಕೆ, ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತು. ಯಾರಾದರೂ ಬಸ್ ನಿಲ್ಲಿಸಿ ಇಬ್ಬರನ್ನು ಕೆಳಗಿಳಿಸಿದರೆ ಅದು ಅಕ್ರಮ ತಡೆ, ಸಂಹಿತೆಯ 126ನೇ ಕಲಂ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾದಾಗ ಟಿ.ವಿ. ಕ್ಯಾಮೆರಾ ಅಲ್ಲಿತ್ತು. ಇಂದು ಆ ಕ್ಯಾಮೆರಾ ಪ್ರತಿಯೊಬ್ಬರ ಕಿಸೆಯಲ್ಲಿದೆ.

ಮಾಡಬೇಕಾದ ಕೆಲಸ ಇಷ್ಟು. ಹೆದರಿ ಸಂದೇಶ ಅಳಿಸಬೇಡಿ. ಗುಂಪಿನ ಹೆಸರು, ಕಳುಹಿಸಿದವರ ಸಂಖ್ಯೆ, ದಿನಾಂಕ, ಸಮಯ ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಸೈಬರ್ ಸಹಾಯವಾಣಿ 1930 ಇರುವುದು ಮುಖ್ಯವಾಗಿ ಹಣದ ವಂಚನೆಗೆ. ಸಂತ್ರಸ್ತರು 18ರೊಳಗಿನವರಾದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.

ನಿವೃತ್ತ ಬ್ಯಾಂಕ್ ನೌಕರ, ಕಾಪು

ವಕೀಲರೇ, ನಾನು ನಮ್ಮ ಬಡಾವಣೆಯ ಗುಂಪಿನ ಅಡ್ಮಿನ್. ಸದಸ್ಯರು ಹಾಕಿದ್ದಕ್ಕೆ ನಾನು ಜೈಲಿಗೆ ಹೋಗಬೇಕೆ?

ವಕೀಲ, ಲಾಲ್‌ಬಾಗ್

ಇಲ್ಲ ಸರ್. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಸದಸ್ಯರನ್ನು ತೆಗೆಯುವ ಅಧಿಕಾರ, ಸಂದೇಶ ಅಳಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ಜೈಲಿನ ಭಯವಿದ್ದರಷ್ಟೇ ಅದನ್ನು ಬಳಸಬೇಕು ಎಂದೇನಿಲ್ಲವಲ್ಲ.

ನಿವೃತ್ತ ಬ್ಯಾಂಕ್ ನೌಕರ, ಕಾಪು

ಒಪ್ಪಿದೆ. ಆ ದೃಷ್ಟಿಯಿಂದ ನೋಡಿದರೆ ಆಸ್ಟ್ರೇಲಿಯಾದ ಕಾನೂನು ನನ್ನ ವಯಸ್ಸಿನವರನ್ನು ಮುಟ್ಟುವುದೇ ಇಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರಿನದ್ದು, 1843ರ ಜುಲೈ 1ರಂದು ಬಾಸೆಲ್ ಮಿಶನ್‌ನ ಮೋಗ್ಲಿಂಗ್ ಹೊರತಂದ 'ಮಂಗಳೂರು ಸಮಾಚಾರ'. ಮಣಿಪಾಲದಿಂದ 1970ರಲ್ಲಿ 'ಉದಯವಾಣಿ' ಬಂತು. ಪತ್ರಿಕೆ ಎಂದರೆ ಅಚ್ಚಿಗೆ ಹೋಗುವ ಮುನ್ನ ಯಾರೋ ಒಬ್ಬರು ಓದಿ, ಇದು ನಿಜವೇ, ಇದರಿಂದ ಯಾರಿಗಾದರೂ ಹಾನಿಯೇ ಎಂದು ಕೇಳುವ ವ್ಯವಸ್ಥೆ. ಅಂಥ ಊರಿನ ಓದುಗರಾದ ನಾವು ಕೈಗೆ ಬಂದದ್ದನ್ನು ಕೇಳದೆ ದಾಟಿಸುತ್ತಿದ್ದೇವೆ. 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿತು. ಅದಕ್ಕೂ ಮೊದಲು ಮಕ್ಕಳ ಕಳ್ಳರ ವದಂತಿಗೆ ದೇಶದಲ್ಲಿ ಎಷ್ಟೋ ಅಮಾಯಕರ ಜೀವ ಹೋಗಿತ್ತು. ಇಂದೇ ನಮ್ಮ ಗುಂಪಿನಲ್ಲಿ ಬರೆದು ಹಾಕುತ್ತೇನೆ: ಗುರುತಿಲ್ಲದ ಹುಡುಗ ಹುಡುಗಿಯರ ಚಿತ್ರ ಹಾಕಿದವರನ್ನು ಎಚ್ಚರಿಕೆ ಕೊಡದೆ ತೆಗೆಯಲಾಗುವುದು.

ಬಸ್ ನಿರ್ವಾಹಕ, ಉಡುಪಿ–ಮಂಗಳೂರು ಮಾರ್ಗ

ನಮ್ಮ ಬಸ್ಸಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಚಿತ್ರ ತೆಗೆಯುವವರನ್ನು ನಮಗೆ ಗುರುತಿಸಲು ಕಷ್ಟವಿಲ್ಲ. ಅವರು ಫೋನನ್ನು ಎದೆಯ ಎತ್ತರಕ್ಕೆ ಹಿಡಿದು ಕಿಟಕಿಯ ಹೊರಗೆ ನೋಡುವಂತೆ ನಟಿಸುತ್ತಾರೆ, ಬೆರಳು ಮಾತ್ರ ಅಲುಗುವುದಿಲ್ಲ. ನಾನು ಹತ್ತಿರ ಹೋಗಿ ಟಿಕೆಟ್ ಕೇಳುತ್ತೇನೆ. ತೆಗೆದುಕೊಂಡಾಗಿದೆ ಎಂದರೂ ಮತ್ತೊಮ್ಮೆ ತೋರಿಸಿ ಎನ್ನುತ್ತೇನೆ. ಕೈ ಕೆಳಗಿಳಿಯುತ್ತದೆ. ಒಮ್ಮೆ ಪಡುಬಿದ್ರಿ ದಾಟಿದ ಮೇಲೆ ಹೀಗೆ ಒಬ್ಬರನ್ನು ತಡೆದಾಗ ನಿನಗೇಕೆ ಎಂದು ಜಗಳಕ್ಕೆ ಬಂದರು. ಹಿಂದಿನ ಸೀಟಿನಲ್ಲಿದ್ದ ಮೀನು ಮಾರುವ ಅಕ್ಕ ಎದ್ದು ನಿಂತು, ಆ ಮಕ್ಕಳು ದಿನಾ ಇದೇ ಬಸ್ಸಿಗೆ ಬರುವವರು, ನಿನ್ನನ್ನು ನಾವು ಇವತ್ತು ಮೊದಲು ನೋಡುತ್ತಿದ್ದೇವೆ ಎಂದು ಜೋರಾಗಿ ಹೇಳಿದರು. ಇಡೀ ಬಸ್ಸು ಚಿತ್ರ ತೆಗೆಯುತ್ತಿದ್ದವರ ಕಡೆ ತಿರುಗಿತು. ಅವರು ಮುಂದಿನ ನಿಲ್ದಾಣದಲ್ಲಿ ಇಳಿದುಹೋದರು.

ಎಲ್ಲ ನಿರ್ವಾಹಕರೂ ಹೀಗೆ ಮಾಡಲಾರರು. ಕೆಲವರು ಹೆದರುತ್ತಾರೆ, ಕೆಲವರು ಆ ಗುಂಪುಗಳಲ್ಲಿಯೇ ಇದ್ದಾರೆ. ಮಾಲೀಕರು ಒಂದು ಮಾತು ಹೇಳಿದರೆ ನಮಗೆ ಧೈರ್ಯ ಬರುತ್ತದೆ.

ಪಿಯು ಉಪನ್ಯಾಸಕಿ, ಉಡುಪಿ

ನಿರ್ವಾಹಕರೇ, ನಿಮ್ಮ ಮಾತನ್ನು ಸಭೆಯಲ್ಲಿ ಓದುತ್ತೇನೆ. ನಮ್ಮ ಪ್ರಾಂಶುಪಾಲರ ಒಪ್ಪಿಗೆ ಪಡೆದು ಈ ಮಾರ್ಗದ ಬಸ್ ಮಾಲೀಕರಿಗೆ ಕಾಲೇಜಿನಿಂದಲೇ ಪತ್ರ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಪೋಷಕರ ಮುಂದೆ ಮಕ್ಕಳ ಮೊಬೈಲ್ ವಿಷಯ ಎರಡನೆಯದಾಗಿ ಬರಲಿ. ಮೊದಲು ಪ್ರತಿ ಪೋಷಕರೂ ತಾವಿರುವ ಗುಂಪಿನಲ್ಲಿ ಇಂಥ ಚಿತ್ರ ಬಂದರೆ ಅದನ್ನು ದಾಟಿಸುವುದಿಲ್ಲ, ಹಾಕಿದವರನ್ನು ಅಲ್ಲಿಯೇ ಪ್ರಶ್ನಿಸುತ್ತೇವೆ ಎಂದು ಎಲ್ಲರೆದುರು ಒಪ್ಪಿಕೊಳ್ಳಲಿ. ಇಷ್ಟು ಕೇಳಿದರೆ ಕೆಲವರು ಎದ್ದು ಹೋಗಬಹುದು. ಹೋದರೆ ಹೋಗಲಿ, ಕೇಳಿಯೇ ತೀರುತ್ತೇನೆ. ನನ್ನ ಮಾತಿಗಿಂತ ವಿದ್ಯಾರ್ಥಿನಿಯ ಮಾತಿಗೆ ಹೆಚ್ಚು ತೂಕ ಇರುತ್ತದೆ. ಕೊಡಿಯಾಲ್‌ಬೈಲಿನಿಂದ ಬರುವೆಯಾ ಮಗಳೇ?

ಪದವಿ ವಿದ್ಯಾರ್ಥಿನಿ, ಕೊಡಿಯಾಲ್‌ಬೈಲ್

ಬರುತ್ತೇನೆ ಮೇಡಂ. ಆದರೆ ನಾನು ಮಾತನಾಡುವುದನ್ನು ಯಾರೂ ಚಿತ್ರೀಕರಿಸಬಾರದು, ನನ್ನ ಹೆಸರು, ಕಾಲೇಜು ಹೇಳಬಾರದು. ಇದಕ್ಕೆ ನೀವು ಒಪ್ಪಿದರೆ ಇಬ್ಬರು ಗೆಳತಿಯರನ್ನೂ ಕರೆತರುತ್ತೇನೆ.

ಬಜಾಲ್‌ನ ಅಮ್ಮ

ಮೇಡಂ, ಬೇರೆ ಕಾಲೇಜಿನ ಪೋಷಕರು ಬರಬಹುದೇ? ಫೋನ್ ಹೊರಗಿಡುವ ವಿಷಯ ಮನೆಯಲ್ಲಿ ಮಾತನಾಡಿದೆ. ಗಂಡ ಇನ್ನೂ ಒಪ್ಪಿಲ್ಲ, ಮಗ ಅಪ್ಪ ಇಟ್ಟರೆ ನಾನೂ ಇಡುತ್ತೇನೆ ಎಂದಿದ್ದಾನೆ. ಗಂಡನನ್ನೂ ಕರೆದುಕೊಂಡು ಬರುವ ಯೋಚನೆ.

ಪಿಯು ಉಪನ್ಯಾಸಕಿ, ಉಡುಪಿ

ಖಂಡಿತ ಬನ್ನಿ ಅಕ್ಕ, ಇಬ್ಬರೂ ಬನ್ನಿ. ಫೋನುಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟು ಒಳಗೆ ಬರಬೇಕೆಂದು ಆಮಂತ್ರಣದಲ್ಲಿಯೇ ಬರೆಯುತ್ತೇನೆ, ನನ್ನದೂ ಅಲ್ಲಿಯೇ ಇರುತ್ತದೆ. ತುಳುವಿನಲ್ಲಿಯೂ ಬ್ಯಾರಿಯಲ್ಲಿಯೂ ಹೇಳಬಲ್ಲವರು ಒಬ್ಬೊಬ್ಬರು ಬೇಕಾಗಿದ್ದಾರೆ. ಬರಲು ಸಾಧ್ಯವಿರುವವರು ಇಲ್ಲಿಯೇ ತಿಳಿಸಿ.